ಈರಣ್ಣನ ಮಧ್ಯಾಹ್ನದ ಊಟ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ವಯಸ್ಸಾದರೂ ಬುದ್ಧಿ ಅದರ ಜೊತೆಗೆ ಬೆಳೆಯದವರು ಅಲ್ಲಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವರು ನೀಲಮ್ಮ. ಆ ಕೆಲಸ ಕಲಿಯಲು ಬಂದವನು ಕುಬೇರ.

ಕುಬೇರ ಪಟ್ಟಣದಲ್ಲಿ ನರ್ಸಿಂಗ್ ಓದಿದ್ದ. ಅವನು ಸೂಜಿ ಚುಚ್ಚಿದರೆ ಚುಚ್ಚಿಸಿಕೊಂಡವರಿಗೇ ಗೊತ್ತಾಗುತ್ತಿರಲಿಲ್ಲ. ಆದರೆ ಈರಣ್ಣನ ಮುಂದೆ ಅವನ ವಿದ್ಯೆಯೆಲ್ಲ ನೀರುಪಾಲಾಯಿತು.

ಈರಣ್ಣನಿಗೆ ನಲವತ್ತು ದಾಟಿತ್ತು, ಮಾತು ಬಾರದು. ಬೆಳಿಗ್ಗೆ, ರಾತ್ರಿ ನೀಲಮ್ಮನವರ ಕೈಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದ. ಆ ಹೊತ್ತಿನಲ್ಲಿ ಕುಬೇರ ಉಳಿದವರ ಸ್ನಾನ, ಹಾಸಿಗೆ ನೋಡುತ್ತಿದ್ದ. ಮಧ್ಯಾಹ್ನ ಈರಣ್ಣನಿಗೆ ಉಣಿಸುವುದು ಕುಬೇರನ ಪಾಲಿಗೆ. ಆಗ ಈರಣ್ಣ ಒಂದಗುಳೂ ಉಣ್ಣುತ್ತಿರಲಿಲ್ಲ.

ನೀಲಮ್ಮನವರು ಕಣ್ಣಿನ ಆಪರೇಷನ್ನಿಗೆ ಹೋಗುವವರಿದ್ದರು. ಅಷ್ಟರೊಳಗೆ ಈರಣ್ಣ ಕುಬೇರನ ಕೈಯಲ್ಲಿ ಉಣ್ಣದಿದ್ದರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿಹೋಗಿದ್ದರು. ಆ ಮಾತು ಕುಬೇರನ ನಿದ್ದೆ ಕೆಡಿಸಿತ್ತು.

ಪುಸಲಾಯಿಸಿದ. ಗದರಿದ. ತುಪ್ಪ ಹಾಕಿ ಕಲಸಿದ. ಒಂದು ದಿನ ತಾಳ್ಮೆಗೆಟ್ಟು ಗಲ್ಲ ಹಿಡಿದು ಬಾಯಿ ತೆರೆಸಲು ಹೋದ. ಮರುಕ್ಷಣ ತನ್ನ ಕೈ ಕಂಡು ತನಗೇ ಹೇಸಿಕೆಯಾಯಿತು. ಎದ್ದು ನೀಲಮ್ಮನವರ ಬಳಿ ಬಂದ. ಮುಖಕ್ಕೆ ಅನ್ನ ಮೆತ್ತಿತ್ತು.

"ಅವ್ವಾರ, ನನ್ನ ಕಂಡ್ರ ಅವಗ ಆಗಂಗಿಲ್ರೀ. ತಾಟ ಇಟ್ರ ಸಾಕು, ಅನ್ನ ತಗದು ಮಾರಿಗೆ ಒಗಿತಾನ. ನಾ ಊರಿಗೆ ಹೊಂಟೆ."

"ದಿನಾ ಒಗಿತಾನೇನು?"

"ದಿನಾ. ಮೊದಲನೇ ತುತ್ತು ನನ್ನ ಮಾರಿಗೇ."

ನೀಲಮ್ಮ ಹತ್ತಿರ ಕರೆದು ಸೆರಗಿನಿಂದ ಅವನ ಮುಖ ಒರೆಸಿದರು. ಹಣೆಯ ಮೇಲೆ ಏನೂ ಇರಲಿಲ್ಲ, ಕಣ್ಣಿಗೂ ತಾಗಿರಲಿಲ್ಲ. ಅನ್ನವೆಲ್ಲ ತುಟಿಯ ಪಕ್ಕದಲ್ಲೇ ಇತ್ತು.

"ಪಾಪ, ಬೆರಳಿನಷ್ಟರಾಗ ತಪ್ಪೇತಿ," ಎಂದು ತಮ್ಮ ಕೆಲಸಕ್ಕೆ ಹೋದರು.

ಕುಬೇರ ತುಟಿಯ ಪಕ್ಕ ಮುಟ್ಟಿ ನೋಡಿಕೊಂಡ. ಆಮೇಲೆ ಹಿಂದಿರುಗಿ ಈರಣ್ಣನ ಎದುರು ನೆಲದ ಮೇಲೆ ಕುಳಿತ.

ಈರಣ್ಣ ಅನ್ನ ಹಿಡಿದು ಕೈ ಎತ್ತಿದ. ಜೊಲ್ಲು ಹತ್ತಿದ ಕೈ. ದಿನವೂ ಈ ಗಳಿಗೆಯಲ್ಲಿ ಕುಬೇರ ಮುಖ ತಿರುಗಿಸುತ್ತಿದ್ದ. ಇಂದು ತಿರುಗಿಸಲಿಲ್ಲ, ಬಾಯಿ ತೆರೆದ.

ಈರಣ್ಣ ತುತ್ತಿಟ್ಟ. ಕುಬೇರ ಅಗಿದು ನುಂಗುವವರೆಗೂ ಕಣ್ಣು ಮಿಟುಕಿಸದೆ ನೋಡಿದ. ನುಂಗಿದ್ದು ಖಾತ್ರಿಯಾದ ಮೇಲೆ ತನ್ನ ಬಾಯಿ ತೆರೆದ.

ಕುಬೇರ ಅಳುತ್ತಲೇ ಉಣಿಸಿದ. ತಾಟು ಖಾಲಿಯಾದ ಮೇಲೆ ನೀಲಮ್ಮನವರನ್ನು ಹುಡುಕಿಕೊಂಡು ಹೋದ. ಸಂತೋಷದ ಜೊತೆಗೆ ಅವನಿಗೆ ಸಿಟ್ಟೂ ಬಂದಿತ್ತು.

"ಅವ್ವಾರ, ನಿಮಗ ಗೊತ್ತಿತ್ತಲ್ರೀ. ಮೊದಲನೇ ದಿನಾನ ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಮಾತು ಕೇಳ್ತಿದ್ದಿ. ಈರಣ್ಣನ ಮಾತು ಯಾವಾಗ ಕೇಳ್ತಿದ್ದಿ, ತಮ್ಮಾ?"