ಪೆಟ್ಟಿಗೆಗೆ ಹೊದಿಸಿದ ಕಂಬಳಿ

ಬನ್ನಿ ಮಕ್ಕಳೇ, ಕಾಲು ಚಾಚಿ ಕೂತುಕೊಳ್ಳಿ. ಮಾತು ಚಿಕ್ಕದು, ಮನಸ್ಸಿಟ್ಟು ಕೇಳಿ.

ಒಬ್ಬ ಶಿಷ್ಯ ಗುರುವಿನ ಮುಂದೆ ನಿಂತು ಕೇಳಿದ: "ಗುರುಗಳೇ, ಮಗುವನ್ನು ಕಳೆದುಕೊಂಡ ಮನೆಗೆ ಹೋಗಿ ಸಮಾಧಾನ ಹೇಳು ಅಂದಿರಿ. ನನ್ನೊಳಗೆ ಅಷ್ಟು ಸಮಾಧಾನ ಎಲ್ಲಿದೆ? ಇರುವ ತುಸುವೂ ಮುಗಿದುಹೋದರೆ?"

ಗುರು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತ ರೇಷ್ಮೆ ಹುಳು ಸಾಕುತ್ತಿದ್ದ. ರೇಷ್ಮೆ ಹುಳು ಅಂದರೆ ಹಸುಗೂಸು. ಚಳಿಯಾದರೂ ತಡೆಯದು, ಸೆಕೆಯಾದರೂ ತಡೆಯದು. ಚಳಿಗಾಲಕ್ಕೆಂದು ಹುಳುಮನೆಯಲ್ಲಿ ಕರೆಂಟಿನ ಒಲೆ ಇಟ್ಟಿದ್ದ. ಎಷ್ಟು ಕರೆಂಟು ತಿಂದರೆ ಅಷ್ಟೇ ಬಿಸಿ ಕೊಡುವ ಒಲೆ ಅದು. ತಿಂದು ತಿಂದು ಕೊನೆಗೆ ಅವನನ್ನೇ ತಿನ್ನುವ ಹಾಗಾಯಿತು. ಅದನ್ನು ಮೂಲೆಗೆ ಸರಿಸಿ, ಬೇಸಿಗೆಗೆ ತಂಪು, ಚಳಿಗೆ ಬಿಸಿ ಎರಡೂ ಕೊಡುವ ಏಸಿ ಹಾಕಿಸಿದ. ಒಂದು ಪೆಟ್ಟಿಗೆ ಒಳಗೆ, ಇನ್ನೊಂದು ಗೋಡೆಯ ಹೊರಗೆ.

ಜೋಡಿಸಲು ಬಂದವನು ಹೇಳಿದ: "ಇದು ಬಿಸಿ ಹುಟ್ಟಿಸುವುದಿಲ್ಲ ಯಜಮಾನರೇ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೊತ್ತು ಒಳಗೆ ತರುತ್ತದೆ. ಹೊರುವ ಕೂಲಿಯಷ್ಟೇ ಕರೆಂಟು. ನಿಮ್ಮ ಒಲೆ ತಿನ್ನುತ್ತಿದ್ದುದರಲ್ಲಿ ಮೂರನೆಯ ಒಂದು ಪಾಲು ಸಾಕು. ಬೇಸಿಗೆಯಲ್ಲಿ ಇದೇ ಒಳಗಿನ ಸೆಕೆಯನ್ನು ಹೊತ್ತು ಹೊರಗೆ ಹಾಕುತ್ತದೆ."

ರೈತ ನಕ್ಕ: "ಹಲ್ಲು ಕಟಕಟ ಅನ್ನುವ ಚಳಿ. ಹೊರಗೆ ಬಿಸಿ ಯಾರಪ್ಪ ಇಟ್ಟಿದ್ದಾರೆ?"

ಆದರೂ ಹುಳುಮನೆ ಬೆಚ್ಚಗಾಯಿತು. ಹುಳುಗಳು ಎರಡನೇ ಜ್ವರಕ್ಕೆ ಕೂತವು. ಪೊರೆ ಬಿಡಲು ಮೇವು ಬಿಟ್ಟು ಸುಮ್ಮನಿರುವುದಕ್ಕೆ ಜ್ವರ ಅನ್ನುತ್ತಾರೆ. ಎದ್ದ ಮೇಲೆ ಅವಕ್ಕೆ ಹಸಿವು ಹೆಚ್ಚು, ಬೆಚ್ಚಗಿದ್ದರೆ ಮಾತ್ರ ಮೇಯುತ್ತವೆ.

ಅವು ಏಳುವ ದಿನ ಮಂಜು ಮುಸುಕಿತ್ತು. ರೈತನ ತಾಯಿ ಹೊರಗಿನ ಪೆಟ್ಟಿಗೆಯ ಮುಂದೆ ಹಾದಳು. ತಣ್ಣನೆಯ ಗಾಳಿ ಮೈಗೆ ಬಡಿಯಿತು. ಅಯ್ಯೋ, ಇದಕ್ಕೇ ಶೀತ ಹಿಡಿದಿದೆ, ಇದು ಹುಳುವನ್ನೇನು ಕಾಪಾಡೀತು ಅಂದುಕೊಂಡಳು. ಆಗತಾನೆ ಹುಟ್ಟಿದ ಕರುವಿಗೆ ಹೊದಿಸುವ ಹಾಗೆ ಗೋಣಿ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಹಗ್ಗ ಬಿಗಿದಳು.

ಒಳಗೆ ತಣ್ಣಗಾಗತೊಡಗಿತು. ಸೊಪ್ಪು ಹಾಕಿದರೆ ಹುಳು ತಲೆ ಎತ್ತಲಿಲ್ಲ. ರೈತ ಬಿಸಿ ಏರಿಸಿದ, ಮತ್ತೆ ಏರಿಸಿದ. ಯಂತ್ರ ಏದುಸಿರು ಬಿಟ್ಟಿತೇ ಹೊರತು ಬಿಸಿ ಬರಲಿಲ್ಲ.

"ರೀ, ಹುಳುವಿನ ತಟ್ಟೆ ಮುಟ್ಟಿ ನೋಡಿ, ತಣ್ಣಗಿದೆ. ಈ ಬೆಳೆಯೂ ಹೋದರೆ..." ಎಂದಳು ಹೆಂಡತಿ.

"ಹೊರಗೆ ಇದ್ದಬದ್ದ ಬಿಸಿಯೆಲ್ಲ ಮುಗಿಯಿತು ಕಣೇ. ಆಗಲೇ ಹೇಳಲಿಲ್ಲವಾ ನಾನು!" ಎನ್ನುತ್ತ ಅವನು ಹಳೆಯ ಒಲೆ ತರಲು ಓಡಿದ.

ಹೆಂಡತಿ ಸೊಪ್ಪಿಗೆಂದು ಹೊರಗೆ ಬಂದವಳು ಪೆಟ್ಟಿಗೆ ನೋಡಿ ನಿಂತಳು.

"ಅತ್ತೆ, ಇದಕ್ಕೇನು ಬಾಣಂತನ ಮಾಡುತ್ತಿದ್ದೀರಾ?"

"ಚಳಿ ಕಣೇ ಅದಕ್ಕೆ, ಪಾಪ."

"ಅದು ಬಿಸಿ ತರುವ ದಾರಿಯೇ ಇದಲ್ಲವಾ, ಅತ್ತೆ!" ಹಗ್ಗ ಬಿಚ್ಚುವ ತಾಳ್ಮೆ ಅವಳಿಗಿರಲಿಲ್ಲ. ಕುಡುಗೋಲಿನಿಂದ ಕೊಯ್ದು ಕಂಬಳಿ ಎಳೆದಳು. ಪೆಟ್ಟಿಗೆ ಉಸಿರಾಡಿತು. ಅಷ್ಟರಲ್ಲಿ ರೈತನೂ ಒಲೆ ಹೊತ್ತು ಬಂದ, ಮೂವರೂ ಹುಳುಮನೆಯೊಳಗೆ ಕಿವಿಗೊಟ್ಟು ಕಾದರು. ಬಹಳ ಹೊತ್ತಿನ ಮೇಲೆ ಒಂದು ತಟ್ಟೆಯಲ್ಲಿ ಸೊಪ್ಪು ಮೇಯುವ ಸರಸರ ಸದ್ದು ಕೇಳಿಸಿತು.

ಕೆಲವು ಹುಳು ಸತ್ತವು. ಉಳಿದವು ಗೂಡು ಕಟ್ಟಿದವು. ರೈತ ಹಳೆಯ ಒಲೆಯನ್ನು ಗುಜರಿಗೆ ಹಾಕಿದ. ಹೆಂಡತಿ ದಿನವೂ ಪೆಟ್ಟಿಗೆಯ ಮುಂದಿನ ಕಸಕಡ್ಡಿ ತೆಗೆದು ಗಾಳಿಗೆ ದಾರಿ ಬಿಡಿಸುತ್ತಿದ್ದಳು. ಮುದುಕಿ ಬದುಕಿರುವವರೆಗೂ ಅದನ್ನು ಕಂಡು ಪಾಪ ಅನ್ನುತ್ತಿದ್ದಳು, ಮುಟ್ಟುತ್ತಿರಲಿಲ್ಲ.

ಶಿಷ್ಯ ಕೇಳಿದ: "ಗಾಳಿಯಲ್ಲಿ ಬಿಸಿ ಇದ್ದೀತು ಗುರುಗಳೇ. ಸಾವಿನ ಮನೆಯಲ್ಲಿ ಏನಿದೆ?"

ಗುರು ಹೇಳಿದರು: "ಮಗುವನ್ನು ಕಳೆದುಕೊಂಡ ಆ ತಾಯಿ ಬಂದವರನ್ನೆಲ್ಲ 'ಉಂಡಿರಾ' ಎಂದು ಕೇಳುತ್ತಿದ್ದಾಳಂತೆ. ಬಿಸಿ ಅಲ್ಲೇ ಇದೆ, ನೀನು ಹುಟ್ಟಿಸಬೇಕಿಲ್ಲ, ಹೊತ್ತರೆ ಸಾಕು."

ಶಿಷ್ಯ ಎದ್ದು ಆ ಮನೆಯ ದಾರಿ ಹಿಡಿದ.