ಏಳನೆಯ ದಳಪತಿಯ ಮುಖ

ಜಪಾನಿನ ಒಂದು ಬೆಟ್ಟದೂರಿನಲ್ಲಿ, ಹೊಳೆಯ ದಂಡೆಯ ಮೇಲೆ, ಬುನ್ಸೈ ಎಂಬ ಗುರುಗಳಿದ್ದರು. ಹರಿದ, ಮಾಸಿದ ಹಳೆಯ ಚಿತ್ರಗಳನ್ನು ಸರಿಪಡಿಸುವುದು ಅವರ ಕಸುಬು.

ಶಿಷ್ಯ ಕಿಸಾಬುರೋ ಅವರ ಬಳಿಗೆ ಬಂದು ಒಂಬತ್ತು ವರ್ಷವಾಗಿತ್ತು. ಅವನ ಕುಂಚ ಓಡುವ ಚೆಂದಕ್ಕೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಅದು ಅವನಿಗೂ ಗೊತ್ತಿತ್ತು.

ಒಂದು ಬೆಳಗ್ಗೆ ತಾಕಿ ಎಂಬ ಮುದುಕಿ ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದಳು. ಒಳಗಿದ್ದದ್ದು ರೇಷ್ಮೆಯ ಮೇಲೆ ಬರೆದು ಸುರುಳಿ ಸುತ್ತಿದ ತೂಗುಚಿತ್ರ. ಕಿಸಾಬುರೋ ಅದನ್ನು ಗೋಡೆಗೆ ತೂಗುಹಾಕಿ ಎರಡು ಹೆಜ್ಜೆ ಹಿಂದೆ ಸರಿದ.

ಏಳು ಮಂದಿ ಸಮುರಾಯ್ ದಳಪತಿಗಳು ಯುದ್ಧಕ್ಕೆ ಹೊರಟು ನಿಂತಿದ್ದರು. ಒಬ್ಬನ ಶಿರಸ್ತ್ರಾಣದ ಮೇಲೆ ಬಿದಿಗೆ ಚಂದ್ರ, ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ಬೀಸಣಿಗೆ. ಕವಚ ಹೊಲಿದ ದಾರಗಳನ್ನೂ ಕೂದಲೆಳೆಯಷ್ಟು ಸಣ್ಣಗೆ, ಒಂದನ್ನೂ ಬಿಡದೆ ಎಳೆದಿತ್ತು ಚಿತ್ರಕಾರನ ಕೈ. ಮುನ್ನೂರು ವರ್ಷ ಹಿಂದಿನ ಕೈ. ಮೂಲೆಯಲ್ಲಿ ತನ್ನ ಹೆಸರನ್ನೂ ಬರೆದುಕೊಂಡಿರಲಿಲ್ಲ.

ಏಳನೆಯ ದಳಪತಿ ಕುದುರೆಯ ಮೇಲಿದ್ದ; ಕೆಳಗೆ ಕುದುರೆಯಾಳು ಲಗಾಮು ಹಿಡಿದು ನಿಂತಿದ್ದ. ಆ ದಳಪತಿಗೆ ಮುಖವೇ ಇರಲಿಲ್ಲ. ಶಿರಸ್ತ್ರಾಣದ ಕೆಳಗೆ ಬರೀ ಕಂದು ಕಲೆ.

"ಈ ಏಳನೆಯವರು ನಮ್ಮ ಮನೆತನದ ಹಿರಿಯರು," ಎಂದಳು ತಾಕಿ. "ಮನೆಯಿಂದ ಯಾರು ದೂರ ಹೊರಟರೂ ಅವರ ಮುಖ ಮುಟ್ಟಿ ನಮಸ್ಕಾರ ಮಾಡಿ ಹೋಗುವುದು ನಮ್ಮಲ್ಲಿ ಪದ್ಧತಿ. ಮುಟ್ಟಿ ಮುಟ್ಟಿ ನಾವೇ ಅಳಿಸಿಬಿಟ್ಟೆವು. ನನಗೆ ಕಣ್ಣು ಕಾಣುವಾಗಲೇ ಆ ಮುಖವನ್ನೊಮ್ಮೆ ನೋಡಬೇಕು, ಗುರುಗಳೇ."

"ನೋಡೋಣಮ್ಮ," ಎಂದರು ಗುರುಗಳು.

ಎರಡೇ ದಿನದಲ್ಲಿ ಕಿಸಾಬುರೋ ಬೇರೊಂದು ರೇಷ್ಮೆಯ ತುಂಡಿನ ಮೇಲೆ ಮುಖ ಬರೆದು ತಂದ. ಉರಿಗಣ್ಣು, ಗಂಟಿಕ್ಕಿದ ಹುಬ್ಬು, ಎದುರಿಗಿದ್ದವರ ಮೇಲೆ ಎರಗುವ ಹುಲಿಯ ಮುಖ.

"ಇದನ್ನೇ ಚಿತ್ರದ ಮೇಲೂ ಬರೆಯಲೇ, ಗುರುಗಳೇ?"

"ಚೆನ್ನಾಗಿದೆ. ಯಾರದು?"

"ಏಳನೆಯ ದಳಪತಿಯದು."

"ನೋಡಿದ್ದೆಯಾ ಅವರನ್ನು?"

ಕಿಸಾಬುರೋನ ಕಿವಿ ಕೆಂಪಗಾಯಿತು.

ಗುರುಗಳು ಅವನ ಮುಂದೆ ಒಂದು ಬಟ್ಟಲು ನೀರು, ಒಂದು ಚಿಮಟ ಇಟ್ಟರು. "ಮೊದಲು ಹಿಂದಿನ ಕಾಗದ ತೆಗೆ."

ಹಳೆಯ ಚಿತ್ರದ ಬೆನ್ನಿಗೆ ಮೂರು ಪದರ ಕಾಗದ ಅಂಟಿಸಿತ್ತು. ಕಿಸಾಬುರೋ ಚಿತ್ರವನ್ನು ಬೋರಲು ಹಾಕಿ, ಹನಿ ಹನಿ ನೀರಿಟ್ಟು, ಕಾಗದವನ್ನು ನಾರು ನಾರಾಗಿ ಬಿಡಿಸತೊಡಗಿದ. ಕೈ ತುಸು ಅವಸರಪಟ್ಟರೆ ಒಬ್ಬ ದಳಪತಿಯ ತೋಳೇ ಕಿತ್ತು ಬರುವಂತಿತ್ತು.

ಐದನೆಯ ದಿನ ಅವನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಕುಂಚ ಹಿಡಿಯಬಲ್ಲವನಿಗೆ ಕಾಗದ ಕೀಳುವ ಕೆಲಸವೇ?"

"ಕೈ ನಡುಗುತ್ತಿದೆ ನಿನಗೆ," ಎಂದರು ಅವರು. "ಹೊಳೆಯ ಕಡೆ ಒಂದು ಸುತ್ತು ಹೋಗಿ ಬಾ."

ಹತ್ತೊಂಬತ್ತನೆಯ ದಿನ ಕೊನೆಯ ಪದರ ಬಿಟ್ಟುಕೊಂಡಿತು. ಕಿಸಾಬುರೋ ಹಿಡಿದ ಉಸಿರು ಹಿಡಿದಂತೆಯೇ ಕುಳಿತ.

ರೇಷ್ಮೆಯ ಬೆನ್ನಿನಲ್ಲಿ ಏಳು ಬಿಳಿ ಮುಖಗಳು ಹೊಳೆಯುತ್ತಿದ್ದವು. ಚಿಪ್ಪಿನ ಪುಡಿಯಿಂದ ಮಾಡಿದ ಬಿಳಿ ಬಣ್ಣವನ್ನು ಆ ಚಿತ್ರಕಾರ ಪ್ರತಿಯೊಬ್ಬ ದಳಪತಿಯ ಮುಖದ ಹಿಂದೆಯೂ ಬಳಿದಿದ್ದ. ಮುಂದಿನಿಂದ ನೋಡುವಾಗ ಆ ಮುಖಗಳಿಗೆ ಜೀವಕಳೆ ಎಲ್ಲಿಂದ ಬರುತ್ತಿತ್ತು ಎಂಬುದು ಕಿಸಾಬುರೋಗೆ ಈಗ ತಿಳಿಯಿತು: ತೆಳು ರೇಷ್ಮೆಯನ್ನು ಹಾಯ್ದು ಬರುತ್ತಿದ್ದುದು ಈ ಬಿಳುಪೇ.

ಏಳನೆಯದೂ ಇತ್ತು. ಯಾರ ಬೆರಳೂ ಅಲ್ಲಿಗೆ ತಲುಪಿರಲಿಲ್ಲ. ಕಣ್ಣಿಲ್ಲ, ಬಾಯಿಲ್ಲ, ಆದರೆ ಹಣೆ, ಮೂಗು, ಗಲ್ಲದ ಅಂಚು ಸ್ಪಷ್ಟವಾಗಿತ್ತು. ಆ ಮುಖ ಎದುರಿಗೆ ತಿರುಗಿರಲಿಲ್ಲ, ಕೆಳಗೆ ಬಾಗಿತ್ತು. ಲಗಾಮು ಹಿಡಿದು ನಿಂತ ಕುದುರೆಯಾಳಿನ ಕಡೆಗೆ.

"ಗುರುಗಳೇ!"

ಗುರುಗಳು ಬಂದರು, ನೋಡಿದರು. ಆಮೇಲೆ ಮೆಲ್ಲಗೆ ಮೊಣಕಾಲೂರಿ, ಆ ಚಿತ್ರದ ಬೆನ್ನಿಗೆ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದರು. ಈ ಒಂಬತ್ತು ವರ್ಷಗಳಲ್ಲಿ ಅವರು ಯಾವ ಚಿತ್ರದ ಮುಂದೆಯೂ ತಲೆಬಾಗಿದ್ದನ್ನು ಕಿಸಾಬುರೋ ಕಂಡಿರಲಿಲ್ಲ.

ತಾಕಿಗೆ ಹೇಳಿಕಳಿಸಿದರು. ಅವಳು ಬಂದು ಬಾಗಿ ಬಹಳ ಹೊತ್ತು ನೋಡಿದಳು.

"ಶತ್ರುವಿನ ಮೇಲಿಂದ ಕಣ್ಣೇ ಕೀಳುತ್ತಿರಲಿಲ್ಲ ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಇವರು ಕುದುರೆಯಾಳಿನ ಮುಖ ನೋಡ್ತಿದ್ದಾರಲ್ಲಪ್ಪ! ಹೆದರಿದ್ದನೋ ಏನೋ, ಪಾಪ, ಅವನು."

ಕಿಸಾಬುರೋ ತಲೆ ತಗ್ಗಿಸಿ ಹೇಳಿದ: "ಕಣ್ಣು, ಬಾಯಿ ನಾನು ಬರೆಯಬಲ್ಲೆ, ಅಮ್ಮಾ. ಆದರೆ ಅವು ಅವರವಲ್ಲ, ನನ್ನವು."

ಮುದುಕಿ ಬೆರಳೆತ್ತಿದಳು. ಈ ಸಲ ಮುಟ್ಟಲಿಲ್ಲ. ಹಣೆಯಿಂದ ಗಲ್ಲದವರೆಗೆ ಗಾಳಿಯಲ್ಲೇ ಗೆರೆ ಎಳೆದಳು.

"ಬೇಡಪ್ಪ. ಯಾರ ಕಡೆ ತಿರುಗಿದ್ದರು ಅಂತ ಗೊತ್ತಾಯ್ತಲ್ಲ, ನನಗಷ್ಟು ಸಾಕು."

ಮರುದಿನ ಗುರುಗಳು ಹೊಸ ಕಾಗದಕ್ಕೆ ಗೋಧಿಯ ಅಂಟು ಸವರಿದರು. ಕಿಸಾಬುರೋ ಇನ್ನೊಂದು ತುದಿ ಹಿಡಿದ. ಅಗಲ ಕುಂಚದಿಂದ ಗುರುಗಳು ಕಾಗದವನ್ನು ಒತ್ತುತ್ತಾ ಬಂದಂತೆ ಬಿಳಿ ಮುಖಗಳು ಒಂದೊಂದಾಗಿ ಮರೆಯಾದವು.

"ಗುರುಗಳೇ, ಕಾಗದ ಅಂಟಿಸಿದ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಆ ಚಿತ್ರಕಾರನಿಗೆ ಗೊತ್ತಿತ್ತು. ಆದರೂ ಎಷ್ಟು ನಯ, ಎಂಥ ಅಂಚು! ಯಾರು ನೋಡಲಿ ಅಂತ ಮಾಡಿದ?"

ಗುರುಗಳು ಕೈ ನಿಲ್ಲಿಸಲಿಲ್ಲ.

"ನೀನು ಬಂದೆಯಲ್ಲ."