ಪ್ರಹ್ಲಾದ ಎಲೆ ಎತ್ತಿದ್ದು

ತುಂಗಮ್ಮನಿಗೆ ಒಬ್ಬನೇ ಮಗ, ಪ್ರಹ್ಲಾದ. ವಯಸ್ಸು ಮೂವತ್ತು, ಬುದ್ಧಿ ಮೂರು. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನು ಮಾತ್ರ ಮಾಡುತ್ತಿದ್ದ, ಹೇಳಿದ ಹಾಗೆಯೇ ಮಾಡುತ್ತಿದ್ದ. ಅದೇ ಬಂದ ಕಷ್ಟ!

ಹಪ್ಪಳ ಒತ್ತಿ ಒತ್ತಿ ತುಂಗಮ್ಮನ ಕೈ ಸೋತಿತ್ತು. ಮದುವೆ ಅಡುಗೆ ಮಾಡಿಸುವ ನರಹರಿ ಆಚಾರ್ಯರ ಮುಂದೆ ಹೋಗಿ, ಮಗನಿಗೊಂದು ಕೆಲಸ ಕೊಡಿ ಎಂದು ಬೇಡಿಕೊಂಡಳು.

"ಈ ಸೀಸನ್ನು ಮುಗಿಯೋವರೆಗೆ ನೋಡ್ತೀನಮ್ಮ. ನಿಂತರೆ ಕಾಯಂ, ಇಲ್ಲದಿದ್ದರೆ ಮನೆಗೆ" ಎಂದರು ಆಚಾರ್ಯರು.

ಮೊದಲ ದಿನ ಪ್ರಹ್ಲಾದ ಅರ್ಧ ಸೌತೆಕಾಯಿ ಹೆಚ್ಚಿದ, ಅರ್ಧ ತೆಂಗಿನಕಾಯಿ ತುರಿದ, ಅರ್ಧ ಹುರುಳಿಕಾಯಿ ಬಿಡಿಸಿದ. ಆಮೇಲೆ ಅಂಗಳದಲ್ಲಿ ಕೂತು ಕಾಗೆ ಎಣಿಸಿದ.

"ಅಯ್ಯೋ ನನ್ನ ಕರ್ಮವೇ! ಹಿಡಿದ ಕೆಲಸ ಮುಗಿಯೋ ತನಕ ಕದಲಬಾರದು ಕಣೋ!" ಎಂದಳು ತುಂಗಮ್ಮ.

"ಆಗಲಮ್ಮ, ಕದಲೋದಿಲ್ಲ!"

ಮರುದಿನ ಮುಂಜಿ ಮನೆ. ಕೈಗೆ ಸಾರಿನ ಬಕೆಟ್ಟು ಕೊಟ್ಟರು. ಮೊದಲ ಎಲೆಯಲ್ಲಿ ವಟುವಿನ ತಾತ. ಪ್ರಹ್ಲಾದ ಒಂದು ಸೌಟು ಹಾಕಿದ. ಕದಲಲಿಲ್ಲ. ಇನ್ನೊಂದು ಹಾಕಿದ. ಕದಲಲಿಲ್ಲ.

"ಸಾಕಪ್ಪಾ!" ಎಂದರು ತಾತ. ಮತ್ತೊಂದು ಸೌಟು!

"ಸಾಕೋ ಮಾರಾಯಾ, ಪಂಚೆ ನೆನೀತು!" ಮಗದೊಂದು ಸೌಟು! ಬಕೆಟ್ಟಿನ ತಳ ಕಂಡ ಮೇಲೆಯೇ ಅವನು ಕದಲಿದ್ದು.

"ಒಂದೇ ಎಲೆಗೆ ಬಕೆಟ್ಟು ಸಾರು ಸುರೀತಾರೇನೋ, ದಡ್ಡ ಶಿಖಾಮಣಿ!" ಎಂದಳು ತುಂಗಮ್ಮ. "ತಲಾ ಒಂದು ಸೌಟು ಹಾಕು, ಮುಂದಕ್ಕೆ ಹೋಗ್ತಾ ಇರು. ಯಾರು ಕೂಗಿದರೂ ಆ ಕಡೆ ಗಮನ ಕೊಡಬೇಡ!"

"ಆಗಲಮ್ಮ, ಕೊಡೋದಿಲ್ಲ!"

ನಾಮಕರಣದ ಮನೆಯಲ್ಲಿ ಹುಳಿ ಬಡಿಸಿದ. ತಲಾ ಒಂದು ಸೌಟು, ಮುಂದಕ್ಕೆ. ತಲಾ ಒಂದು ಸೌಟು, ಮುಂದಕ್ಕೆ. ಪಂಕ್ತಿ ಮುಗಿಯಿತು, ಪ್ರಹ್ಲಾದ ಮುಗಿಯಲಿಲ್ಲ. ಕಂಬಕ್ಕೊಂದು ಸೌಟು, ಹೂವಿನ ಕುಂಡಕ್ಕೊಂದು ಸೌಟು!

"ಲೋ, ನಿಲ್ಲೋ!" ಆಚಾರ್ಯರು ಕೂಗಿದರು. ಗಮನ ಕೊಡಬಾರದಲ್ಲ! ಬಾಗಿಲಾಚೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳಿಗೂ ಬಡಿಸಿದ. ಎಡಗಾಲಿನದಕ್ಕೊಂದು, ಬಲಗಾಲಿನದಕ್ಕೊಂದು.

ಆಚಾರ್ಯರು ತುಂಗಮ್ಮನ ಮನೆಗೇ ಬಂದರು. "ನಾಳೆಯದೇ ಕೊನೆಯ ಮದುವೆ. ನಾಳೆಯೊಂದು ಕೆಟ್ಟರೆ ಇವನಿಗೆ ನನ್ನಲ್ಲಿ ಜಾಗ ಇಲ್ಲ. ಹಗುರ ಕೆಲಸಕ್ಕೆ ಮುಂದೆ ಓಡ್ತಾನೆ, ಬೆವರು ಬರೋ ಕೆಲಸಕ್ಕೆ ನಾಪತ್ತೆ!"

ತುಂಗಮ್ಮ ಮಗನ ಎರಡೂ ಕಿವಿ ಹಿಡಿದಳು. "ಕಷ್ಟದ ಕೆಲಸ ಯಾವುದಿದೆಯೋ ಅದನ್ನ ಮೊದಲು ಮುಗಿಸಿಬಿಡು. ಉಳಿದದ್ದು ತಾನಾಗಿ ಸಲೀಸಾಗುತ್ತೆ. ತಿಳೀತಾ?"

"ತಿಳೀತಮ್ಮ!"

ಮದುವೆಯ ದಿನ ಅವಳೇ ಅಡುಗೆಮನೆ ಬಾಗಿಲಲ್ಲಿ ಕಾವಲು ನಿಂತಳು. ಪ್ರಹ್ಲಾದ ಯೋಚಿಸಿದ. ನೀರು ಹಾಕೋದೇ? ಸುಲಭ. ಪಾಯಸ ಬಡಿಸೋದೇ? ಸುಲಭ. ಸೊಂಟ ಮುರಿಯೋದು ಎಲೆ ಎತ್ತುವಾಗ!

ಬೀಗರ ಪಂಕ್ತಿ. ಎಲೆ ತುಂಬ ಕೋಸಂಬರಿ, ಪಲ್ಯ, ಚಿತ್ರಾನ್ನ, ಹೋಳಿಗೆ. ಎಲ್ಲರೂ "ಗೋವಿಂದಾ!" ಎಂದು ಕೈ ಚಾಚಿದರು. ಪ್ರಹ್ಲಾದ ಬಗ್ಗಿದ, ಎಲೆ ಮಡಚಿದ, ಬುಟ್ಟಿಗೆ ಹಾಕಿದ. ಬಗ್ಗಿದ, ಮಡಚಿದ, ಹಾಕಿದ. "ಏಯ್! ಏಯ್!" ಎನ್ನುವಷ್ಟರಲ್ಲಿ ಸಾಲಿಗೆ ಸಾಲೇ ಖಾಲಿ! ಬೀಗರ ಕೈ ಗಾಳಿಯಲ್ಲೇ ನಿಂತಿತು.

ಆಚಾರ್ಯರು ಬೀದಿಯ ಕಡೆ ಬೆರಳು ತೋರಿಸಿದರು. ತುಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬೆವರು ಒರೆಸುತ್ತಾ ಪ್ರಹ್ಲಾದ ಬೀಗಿದ: "ಅಮ್ಮಾ, ಕಷ್ಟದ್ದು ಮುಗೀತು! ಇನ್ನು ಇವರು ಊಟ ಮಾಡೋದೊಂದೇ ಬಾಕಿ!"